ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಮೂರು ಪೈಥಾನ್: ನೀವು ಹೇಗೆ ನಿಭಾಯಿಸುತ್ತೀರಿ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಉಬುಂಟು 22.04 (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್). ಅದರ ಜೊತೆ ಬಂದಿರುವುದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ 3.10 ವರ್ಶನ್. ಕಾಲೇಜಿನ ಪ್ರಾಜೆಕ್ಟ್‌ಗೆ ಟೆನ್ಸರ್‌ಫ್ಲೋ 2.3 (ಮಶೀನ್ ಲರ್ನಿಂಗ್ ಲೈಬ್ರರಿ) ಬೇಕು, ಪೈಥಾನ್ 3.8 ದಾಟಿದರೆ ಅದು ಇನ್‌ಸ್ಟಾಲೇ ಆಗುವುದಿಲ್ಲ. ಆಫೀಸಿನಲ್ಲಿ 3.12 ಬೇಕು ಅನ್ನುತ್ತಿದ್ದಾರೆ. ಇರುವುದನ್ನು ತೆಗೆದು ಬೇರೆ ಹಾಕು ಅಂತ ಗೆಳೆಯ ಹೇಳಿದ. ಕೈ ಹಾಕೋಕೆ ಭಯ. ನೀವೆಲ್ಲ ಏನು ಮಾಡಿದ್ದೀರಿ?

ಉತ್ತರ 1: ದಯವಿಟ್ಟು 3.10 ಮುಟ್ಟಬೇಡಿ. ಉಬುಂಟು ತನ್ನ ಕೆಲಸಕ್ಕೆ ಅದನ್ನು ಇಟ್ಟುಕೊಂಡಿದೆ. ನಾನು ಅದನ್ನು ತೆಗೆಯಲೂ ಇಲ್ಲ. 3.12 ಹಾಕಿ, ‘ಪೈಥಾನ್3’ ಅಂದರೆ ಯಾವ ವರ್ಶನ್ ಓಡಬೇಕು ಅಂತ ತೋರಿಸುವ ಲಿಂಕನ್ನು ಅದರ ಕಡೆ ತಿರುಗಿಸಿದೆ, ಅಷ್ಟೇ. ಮರುದಿನ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ವಿಂಡೋ) ಐಕಾನ್ ಒತ್ತಿದರೆ ಒಂದು ಕ್ಷಣ ಗಿರ್ರನೆ ತಿರುಗಿ ಸುಮ್ಮನಾಯಿತು. ವಿಂಡೋ ತೆರೆಯಲೇ ಇಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ಲಾಗಿನ್ ಆದೆ. ಸಾಫ್ಟ್‌ವೇರ್ ಹಾಕಲು ಬಳಸುವ ಆಪ್ಟ್‌ನ ‘ಆಪ್ಟ್ ಅಪ್‌ಡೇಟ್’ ಕಮಾಂಡ್ ಕೊಟ್ಟರೆ ‘ಆಪ್ಟ್_ಪಿಕೆಜಿ’ ಮಾಡ್ಯೂಲ್ ಇಲ್ಲ ಅಂತ ಎರರ್. ಆಗ ವಿಷಯ ಅರ್ಥವಾಯಿತು. ಉಬುಂಟುವಿನಲ್ಲಿ ಟರ್ಮಿನಲ್ ಶುರುವಾಗುವುದೇ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್‌ನಿಂದ. ಅದಕ್ಕೆ ಬೇಕಾದ ಮಾಡ್ಯೂಲ್‌ಗಳನ್ನು 3.10ಕ್ಕೆಂದೇ ಕಂಪೈಲ್ ಮಾಡಿ ಇಟ್ಟಿರುತ್ತಾರೆ, 3.12ಕ್ಕೆ ಅವು ಸಿಗುವುದಿಲ್ಲ. ಲಿಂಕನ್ನು ವಾಪಸ್ 3.10ಕ್ಕೆ ತಿರುಗಿಸಿದ ಮೇಲೆ ಎಲ್ಲ ಸರಿಹೋಯಿತು.

ಅವತ್ತಿನಿಂದ ಪೈಎನ್ವ್ ಬಳಸುತ್ತಿದ್ದೇನೆ, ಹಲವು ಪೈಥಾನ್ ವರ್ಶನ್‌ಗಳನ್ನು ಒಟ್ಟಿಗೆ ಇಟ್ಟುಕೊಳ್ಳಲು ಇರುವ ಟೂಲ್ ಅದು. ಪ್ರತಿಯೊಂದು ಪೈಥಾನನ್ನೂ ಅದು ನಮ್ಮ ಹೋಮ್ ಫೋಲ್ಡರ್ ಒಳಗೇ ಇಡುತ್ತದೆ. ಅದಕ್ಕೆ ಸುಡೋ (ಅಡ್ಮಿನ್ ಅನುಮತಿ) ಬೇಡ. ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಿ ‘ಪೈಎನ್ವ್ ಲೋಕಲ್ 3.8.18’ ಅಂದರೆ ಅಲ್ಲಿ ಒಂದೇ ಸಾಲಿನ ಫೈಲ್ ಹುಟ್ಟುತ್ತದೆ. ಆ ಫೋಲ್ಡರ್ ಒಳಗಿರುವಷ್ಟು ಹೊತ್ತು ಪೈಥಾನ್ ಅಂದರೆ 3.8. ಒಂದು ಮಾತು, ಇದು ಪೈಥಾನನ್ನು ಸೋರ್ಸ್ ಕೋಡ್‌ನಿಂದ ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ. ಅದಕ್ಕೆ ಬೇಕಾಗುವ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕಕ್ಕೆ), ಜೆಡ್‌ಲಿಬ್ (ಫೈಲ್ ಕುಗ್ಗಿಸಲು) ಡೆವ್ ಪ್ಯಾಕೇಜ್‌ಗಳನ್ನು ಮೊದಲೇ ಹಾಕಿಕೊಳ್ಳಿ. ಇಲ್ಲದಿದ್ದರೆ ಅಷ್ಟು ಹೊತ್ತು ಕಾದ ಮೇಲೆ ಎಸ್‌ಎಸ್‌ಎಲ್ ಎಕ್ಸ್‌ಟೆನ್ಶನ್ ಇಲ್ಲ ಅಂತ ಹೇಳಿ ನಿಲ್ಲುತ್ತದೆ.

ಉತ್ತರ 2: ವಿಂಡೋಸ್ ಇರುವವರೂ ಇದನ್ನು ಓದಬಹುದು ಅಂತ ಬರೆಯುತ್ತಿದ್ದೇನೆ. ಇನ್‌ಸ್ಟಾಲರ್ ಜೊತೆ ‘ಪೈ’ ಅನ್ನೋ ಲಾಂಚರ್ ಬರುತ್ತದೆ. ‘ಪೈ -0’ ಅಂದರೆ ಯಾವ್ಯಾವ ವರ್ಶನ್ ಇವೆ ಅಂತ ಪಟ್ಟಿ ಕೊಡುತ್ತದೆ. ‘ಪೈ -3.8’ ಅಂದರೆ ಅದೇ ಓಡುತ್ತದೆ. ನನಗೆ ಇಷ್ಟೇ ಸಾಕಾಗಿದೆ.

ಉತ್ತರ 3: ಪೈಎನ್ವ್ ಒಳ್ಳೆಯದೇ. ಆದರೆ ಹಳೇ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮುಗಿಯೋ ತನಕ ಫ್ಯಾನ್ ಸದ್ದು ಕೇಳುತ್ತಾ ಕೂರಬೇಕು. 2024ರಲ್ಲಿ ಬಂದ ಯುವಿ ಅನ್ನೋ ಟೂಲ್ ನೋಡಿ. ರೆಡಿ ಇರುವ ಪೈಥಾನನ್ನೇ ಇಳಿಸಿಕೊಡುತ್ತದೆ. ‘ಯುವಿ ವೆನ್ವ್ --ಪೈಥಾನ್ 3.8’, ಮುಗಿಯಿತು. ಆದರೆ ಈ ವೆನ್ವ್ (ಪ್ರಾಜೆಕ್ಟ್‌ಗೆಂದೇ ಇರುವ ಪ್ರತ್ಯೇಕ ಪೈಥಾನ್ ಫೋಲ್ಡರ್) ಒಳಗೆ ಪ್ಯಾಕೇಜ್ ಹಾಕುವ ಪಿಪ್ ಇರುವುದಿಲ್ಲ. ‘ಯುವಿ ಪಿಪ್ ಇನ್‌ಸ್ಟಾಲ್’ ಅಂತಲೇ ಕೊಡಬೇಕು. ನಾನು ಅಭ್ಯಾಸಬಲದಿಂದ ಬರೀ ಪಿಪ್ ಅಂದೆ. ಪ್ಯಾಕೇಜ್‌ಗಳೆಲ್ಲ ಸಿಸ್ಟಮ್ ಪೈಥಾನ್ ಕಡೆ ಹೋಗಿ ಕೂತಿದ್ದವು. ಇಂಪೋರ್ಟ್ ಯಾಕೆ ಆಗುತ್ತಿಲ್ಲ ಅಂತ ಅರ್ಧ ದಿನ ಹುಡುಕಿದೆ.

ಇನ್ನೊಂದು, ವೆನ್ವ್ ಫೋಲ್ಡರನ್ನು ಬೇರೆ ಜಾಗಕ್ಕೆ ಎತ್ತಿ ಹಾಕಬೇಡಿ. ಒಳಗಿನ ಸ್ಕ್ರಿಪ್ಟ್‌ಗಳಲ್ಲಿ ಹಳೇ ಪಾತ್ ಪೂರ್ತಿ ಬರೆದಿರುತ್ತದೆ. ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಿರುವ ರಿಕ್ವೈರ್‌ಮೆಂಟ್ಸ್ ಫೈಲ್ ಇಟ್ಟುಕೊಂಡಿದ್ದರೆ ಅಳಿಸಿ ಹೊಸದಾಗಿ ಮಾಡುವುದೇ ಸುಲಭ ಅಲ್ವಾ?

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಯುವಿ ಹಾಕಿ 3.8ರ ವೆನ್ವ್ ಮಾಡಿದೆ. ಟೆನ್ಸರ್‌ಫ್ಲೋ ಇನ್‌ಸ್ಟಾಲ್ ಆಯಿತು, ಆದರೆ ಇಂಪೋರ್ಟ್ ಮಾಡಿದಾಗ ಪ್ರೋಟೋಬಫ್ (ಟೆನ್ಸರ್‌ಫ್ಲೋ ಬಳಸುವ ಇನ್ನೊಂದು ಲೈಬ್ರರಿ) ಎರರ್ ಬಂತು. ಅದಕ್ಕೆ ತೀರಾ ಹೊಸ ಪ್ರೋಟೋಬಫ್ ಬಂದು ಕೂತಿತ್ತು. 3.20ಕ್ಕೆ ಇಳಿಸಿದ ಮೇಲೆ ಹಳೇ ಮಾಡೆಲ್ ಓಡಿತು. ಪಕ್ಕದ ಟ್ಯಾಬ್‌ನಲ್ಲಿ ಆಫೀಸಿನ ಫೋಲ್ಡರ್ 3.12 ಅಂತ ತೋರಿಸುತ್ತಿದೆ. ಉಬುಂಟುವಿನ 3.10 ಎಲ್ಲಿತ್ತೋ ಅಲ್ಲೇ ಇದೆ.