ಪದ ಬೇಕು: ಹಳೆ ರೈಫಲ್ಲಿನ ‘ಹೆಡ್‌ಸ್ಪೇಸ್’

ಹುಬ್ಬಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಹಳೆ ಮಿಲಿಟರಿ ಬೋಲ್ಟ್ ಆಕ್ಷನ್ ರೈಫಲ್ ಕೊಳ್ಳುವ ಮೊದಲು ಏನೇನು ನೋಡಬೇಕು ಅನ್ನುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಗದಗಿನ ಪ್ರೆಸ್ಸಿಗೆ ಪುಟಗಳು ಹೋಗಬೇಕು. ‘ಹೆಡ್‌ಸ್ಪೇಸ್’ ಒಂದೇ ಉಳಿದಿದೆ. ಸದ್ಯ ‘ತಲೆಯೆಡೆ’ ಅಂತ ಬರೆದಿದ್ದೇನೆ. ವಾಕ್ಯ ಇದು (ಬೋಲ್ಟ್ ಅಂದರೆ ಹಿಡಿಕೆಯಿಂದ ಹಿಂದೆ ಮುಂದೆ ಸರಿಸಿ ಕಾಡತೂಸಿನ ಹಿಂಬದಿ ಮುಚ್ಚುವ ಉಕ್ಕಿನ ತುಂಡು, ಅಂಚು ಅಂದರೆ ಕಾಡತೂಸಿನ ಹಿಂತುದಿಯ ಸುತ್ತ ಹೊರಚಾಚಿದ ಬಳೆ):

‘ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ಕಾಡತೂಸಿನ ಅಂಚು ಒರಗುವ ಜಾಗಕ್ಕೂ ನಡುವಿನ ತಲೆಯೆಡೆ .303 ರೈಫಲ್ಲಿನಲ್ಲಿ 0.064 ಇಂಚಿಗಿಂತ ಕಡಿಮೆ ಇರಬಾರದು, 0.074 ಮೀರಬಾರದು.’

ಪುಟದ ಶೀರ್ಷಿಕೆಗೂ ಇದೇ ಪದ ಹೋಗುವುದರಿಂದ ಚಿಕ್ಕದಿರಬೇಕು. ಇವತ್ತು ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

ಧಾರವಾಡದಿಂದ:

ತಲೆಯೆಡೆ ನಡಿಯೂದಿಲ್ಲ. ಇಂಗ್ಲಿಷಿನವರು ಕಾಡತೂಸಿನ ಹಿಂದಿನ ತುದಿಗೆ, ಪ್ರೈಮರ್ ಇರೋ ಕಡೆಗೆ, ಹೆಡ್ ಅಂತಾರ. ನಮಗ ಅದು ಬುಡ. ಕಾಡತೂಸಿನ ತಲೆ ಅಂದ್ರ ಓದಿದವ ಗುಂಡಿನ ಕಡೆ ನೋಡ್ತಾನ. ಅಳೀಬೇಕಾದ್ದು ಒಂದು ತುದಿ, ಅವ ನೋಡೂದು ಇನ್ನೊಂದು. ಸೀದಾ ‘ಸಂದು’ ಅನ್ರಿ. ಬಾಗಲಾ ಸಂದು, ಹಲ್ಲಿನ ಸಂದು, ಯಾರಿಗೂ ಬಿಡಿಸಿ ಹೇಳೂದು ಬೇಕಾಗಿಲ್ಲ.

ಹಾವೇರಿಯಿಂದ:

ಸಂದು ‘ಸಂಧಿ’ಯ ತದ್ಭವ. ಅಚ್ಚಗನ್ನಡದಲ್ಲಿ ‘ತೆರಪು’ ಇರುವಾಗ ಅದೇಕೆ? ಹಳಗನ್ನಡದ ತೆಱಪು, ‘ತೆಱೆ’ಯಿಂದ ಬಂದದ್ದು. ಬುಡ ಮತ್ತು ತೆರಪು ಸೇರಿದರೆ ಬುಡದೆರಪು. ಆದೇಶಸಂಧಿ ಸರಿಯಾಗಿ ಕೂಡುತ್ತದೆ, ಅರಿಸಮಾಸದ ಕಾಟವೂ ಇಲ್ಲ. ಇದನ್ನೇ ಅಚ್ಚುಮಾಡಿಸಿ.

ಧಾರವಾಡದಿಂದ:

> ಸಂದು ‘ಸಂಧಿ’ಯ ತದ್ಭವ.

ಗೊತ್ತದ. ತದ್ಭವಕ್ಕೆಲ್ಲಾ ಕತ್ತರಿ ಹಾಕಿದ್ರ ನಿಘಂಟಿನಾಗ ಏನ್ ಉಳೀತದ, ಅದನ್ನೂ ಹೇಳ್ರಿ.

ಗದಗದಿಂದ:

ಸಂದೂ ಬೇಡ, ತೆರಪೂ ಬೇಡ. ವ್ಯುತ್ಪತ್ತಿ ಏನೇ ಇರಲಿ, ಎರಡರ ಅರ್ಥವೂ ಇಲ್ಲಿ ತಪ್ಪು.

ಅಂಚಿರುವ ಕಾಡತೂಸಿನಲ್ಲಿ ಹೆಡ್‌ಸ್ಪೇಸ್ ಅಂದರೆ ಬೋಲ್ಟಿನ ಮುಖದಿಂದ ಬ್ಯಾರಲ್ಲಿನಲ್ಲಿ ಅಂಚು ತಗಲಿ ನಿಲ್ಲುವ ಜಾಗದವರೆಗಿನ ಅಳತೆ. ಆ ಅಳತೆಯ ಬಹುಪಾಲನ್ನು ಅಂಚೇ ತುಂಬಿಕೊಂಡಿರುತ್ತದೆ. .303 ಕಾಡತೂಸಿನ ಅಂಚು 0.058ರಿಂದ 0.064 ಇಂಚು ದಪ್ಪ. ರೈಫಲ್ಲಿನ ಅಳತೆ 0.064, ಅಂಚು 0.058 ಇದ್ದರೆ ಉಳಿಯುವ ಸಂದು 6 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ). ಅದೇ ಕಾಡತೂಸನ್ನು 0.074ರ ರೈಫಲ್ಲಿಗೆ ಹಾಕಿದರೆ 16 ಥೌ. ಅಂದರೆ ಸಂದು ಕಾಡತೂಸಿನಿಂದ ಕಾಡತೂಸಿಗೆ ಬದಲಾಗುತ್ತದೆ, ಹೆಡ್‌ಸ್ಪೇಸ್ ರೈಫಲ್ಲಿನದು. ‘ಸಂದು 0.064’ ಅಂತ ಅಚ್ಚಾದರೆ ಒಂದೂವರೆ ಮಿಲಿಮೀಟರಿಗೂ ಮೀರಿದ ಸಡಿಲು ಸಹಜ ಅಂತ ಓದುಗ ತಿಳಿಯುತ್ತಾನೆ. ಹಾಗೆ ತಿಳಿದು ರೈಫಲ್ ಕೊಂಡವನ ಮುಖದ ಹತ್ತಿರವೇ ಕಾಡತೂಸು ಹರಿಯುತ್ತದೆ. ಪದ ಆರಿಸುವವರು ಇದನ್ನು ಮೊದಲು ನೋಡಬೇಕು.

‘ಬುಡದಳತೆ’ ಅನ್ನಿ. ಧಾರವಾಡದವರು ಹೇಳಿದ ಬುಡ ಸರಿ ಇದೆ. ಅಳತೆ ಅಂದಮೇಲೆ ಖಾಲಿ ಜಾಗದ ಭ್ರಮೆ ಹೋಗುತ್ತದೆ. ಸಂದನ್ನು ಉಳಿಯುವ ಸಡಿಲಿಗೆ ಮೀಸಲಿಡಿ, ಕೈಪಿಡಿಯಲ್ಲಿ ಅದಕ್ಕೂ ಒಂದು ಪದ ಬೇಕೇಬೇಕು.

ನಿಮ್ಮ ವಾಕ್ಯದಲ್ಲೇ ಇನ್ನೊಂದು ದೋಷ. ‘ಅಂಚು ಒರಗುವ ಜಾಗ’ .303ಕ್ಕೆ ಮಾತ್ರ ಹೊಂದುತ್ತದೆ. ಮೌಸರ್ 98 ರೈಫಲ್ಲಿನ ಕಾಡತೂಸಿಗೆ ಹಾಗೆ ಹೊರಚಾಚಿದ ಅಂಚಿಲ್ಲ, ಅದು ಹೆಗಲು (ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು) ಕೊಟ್ಟು ನಿಲ್ಲುತ್ತದೆ. ಇಷಾಪುರದ ಕಾರ್ಖಾನೆಯ 2ಎ, 2ಎ1 ಮಾದರಿಗಳು ನೋಡಲು ತ್ರೀ ನಾಟ್ ತ್ರೀ ಥರವೇ ಇದ್ದರೂ ಅವು 7.62 ಮಿ.ಮೀ. ರೈಫಲ್ಲುಗಳು, ಅಲ್ಲಿಯೂ ಹೆಗಲಿನದೇ ಅಳತೆ. ಹಾಗಾಗಿ ‘ಕಾಡತೂಸು ತಗಲಿ ನಿಲ್ಲುವ ಜಾಗ’ ಅಂತ ತಿದ್ದಿ.

ಹುಬ್ಬಳ್ಳಿಯಿಂದ:

ಬುಡದಳತೆ ಹಿಡಿಸಿತು. ಹಾಗಾದರೆ ಪರೀಕ್ಷೆಯ ಭಾಗವನ್ನೂ ಒಮ್ಮೆ ನೋಡಿ. ನಾನು ಬರೆದದ್ದು (ಗೇಜು ಅಂದರೆ ಅಳತೆ ನೋಡುವ ಉಕ್ಕಿನ ತುಂಡು, ಚೇಂಬರ್ ಅಂದರೆ ಬ್ಯಾರಲ್ಲಿನಲ್ಲಿ ಕಾಡತೂಸು ಕೂರುವ ಜಾಗ): ‘ಗೇಜನ್ನು ಚೇಂಬರಿನಲ್ಲಿಟ್ಟು ಬೋಲ್ಟನ್ನು ಗಟ್ಟಿಯಾಗಿ ಮುಚ್ಚಿ.’ ಗೋ (ಕನಿಷ್ಠ ಅಳತೆಯದು), ನೋ-ಗೋ (ಮೀರಬಾರದ ಅಳತೆಯದು) ಗೇಜುಗಳಿಗೂ ಕನ್ನಡ ಬೇಕೇ?

ಗದಗದಿಂದ:

‘ಗಟ್ಟಿಯಾಗಿ’ ತೆಗೆದುಹಾಕಿ. ಗೇಜು ಗಟ್ಟಿ ಉಕ್ಕಿನದು, ಬೋಲ್ಟಿನ ಹಿಡಿಕೆಯ ಸನ್ನೆಬಲ ದೊಡ್ಡದು. ಒತ್ತಿ ಮುಚ್ಚಿದರೆ ಮುಚ್ಚಬಾರದ ಬೋಲ್ಟೂ ಮುಚ್ಚುತ್ತದೆ, ಬೋಲ್ಟನ್ನು ಬಿಗಿಹಿಡಿಯುವ ಲಗ್ಗುಗಳಿಗೂ ಪೆಟ್ಟು. ಎರಡು ಬೆರಳಿನ ಭಾರ ಸಾಕು.

ಅದಕ್ಕೂ ಮೊದಲಿನ ಕೆಲಸ ನಿಮ್ಮ ಪಠ್ಯದಲ್ಲಿ ಇಲ್ಲವೇ ಇಲ್ಲ. ಮೊದಲು ರೈಫಲ್ ಖಾಲಿ ಇದೆಯೇ ನೋಡಬೇಕು. ಆಮೇಲೆ ಚೇಂಬರನ್ನೂ ಬೋಲ್ಟಿನ ಮುಖವನ್ನೂ ಒರೆಸಬೇಕು, ಗಟ್ಟಿಯಾದ ಹಳೆ ಗ್ರೀಸ್ ಎರಡು ಮೂರು ಥೌ ಸುಳ್ಳು ಹೇಳಿಸುತ್ತದೆ. ಲೀ-ಎನ್‌ಫೀಲ್ಡ್ (.303 ರೈಫಲ್) ಬೋಲ್ಟನ್ನು ಮುಂದೆ ತಳ್ಳುವಾಗಲೇ ಸ್ಪ್ರಿಂಗ್ ಬಿಗಿಯುತ್ತದೆ. ಆ ಬಿಗಿಯಲ್ಲಿ ಗೇಜಿನ ತಡೆ ಕೈಗೆ ತಿಳಿಯುವುದಿಲ್ಲ, ಆದ್ದರಿಂದ ಫೈರಿಂಗ್ ಪಿನ್ ಮತ್ತು ಸ್ಪ್ರಿಂಗ್ ಬಿಚ್ಚಿಟ್ಟು ಅಳೆಯಬೇಕು. ಕಾಡತೂಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರನ್ನೂ ತೆಗೆದರೆ ಒಳ್ಳೆಯದು. ಮೌಸರಿನಲ್ಲಿ ಎಕ್ಸ್‌ಟ್ರಾಕ್ಟರ್ ಬಿಚ್ಚದಿದ್ದರೆ ಗೇಜನ್ನು ಅದರ ಕೊಕ್ಕೆಯಡಿ ಸಿಗಿಸಿ ಒಳಗೆ ತಳ್ಳಬೇಕು, ಚೇಂಬರಿಗೆ ಬಿಟ್ಟು ಮುಚ್ಚಬಾರದು.

ಗೋ ಗೇಜಿನ ಮೇಲೆ ಬೋಲ್ಟ್ ಪೂರ್ತಿ ಇಳಿದು ಮುಚ್ಚಬೇಕು. ನೋ-ಗೋ ಮೇಲೆ ಇಳಿಯಬಾರದು. ಇಳಿದರೆ ಅದಕ್ಕಿಂತ ದೊಡ್ಡ ಅಳತೆಯ ಫೀಲ್ಡ್ ಗೇಜು ಹಾಕಬೇಕು, ಅದರ ಮೇಲೂ ಇಳಿದರೆ ಆ ರೈಫಲ್ಲಿನಿಂದ ಗುಂಡು ಹಾರಿಸುವಂತಿಲ್ಲ.

ಲೀ-ಎನ್‌ಫೀಲ್ಡಿನ ನಂಬರ್ 4 ಮಾದರಿಗೆ ಒಂದು ಮಾತು ಸೇರಿಸಿ. ಅದರ ಬೋಲ್ಟ್ ಹೆಡ್ (ಬೋಲ್ಟಿನ ಮುಂತುದಿಯ ತುಂಡು) ತಿರುಗಿಸಿ ಬಿಚ್ಚಬಹುದು, ಮೇಲೆ 0ರಿಂದ 3ರವರೆಗೆ ನಂಬರ್ ಒತ್ತಿರುತ್ತಾರೆ. ನಂಬರ್ ಹೆಚ್ಚಿದಂತೆ ಸುಮಾರು 3 ಥೌ ಉದ್ದ ಹೆಚ್ಚು. ನಂಬರನ್ನೇ ನಂಬದೆ ಮೈಕ್ರೋಮೀಟರಿನಲ್ಲಿ ಅಳೆಯಬೇಕು, 1ಕ್ಕಿಂತ ಉದ್ದದ 0 ಕೂಡ ಸಿಗುತ್ತದೆ. ಕೊಳ್ಳುವವನಿಗೆ ಇದರಲ್ಲಿ ಸೂಚನೆ ಇದೆ: 3 ಹಾಕಿದ್ದೂ ಬುಡದಳತೆ ಮೀರಿದ್ದರೆ ಬೋಲ್ಟ್ ಹೆಡ್ ಬದಲಿಸಿ ಸರಿಮಾಡುವ ದಾರಿ ಮುಗಿದಿದೆ, ಲಗ್ಗುಗಳೋ ಅವು ಕೂರುವ ಜಾಗವೋ ಸವೆದಿದೆ. ಹಳೆಯ ನಂಬರ್ 1 ಮಾದರಿಯ ಬೋಲ್ಟ್ ಹೆಡ್ಡುಗಳಿಗೆ ಈ ನಂಬರಿನ ಏರ್ಪಾಡಿಲ್ಲ. ಬೋಲ್ಟಿನ ಮೇಲಿನ ಸೀರಿಯಲ್ ನಂಬರ್ ಬಾಡಿಯ ನಂಬರಿಗೆ ಹೊಂದದಿದ್ದರೆ ಗೇಜು ಹಾಕದೆ ದುಡ್ಡು ಕೊಡಬಾರದು.

ಗೋ, ನೋ-ಗೋ ಹಾಗೇ ಇರಲಿ. ಲೇತ್ ಮೇಲೆ ಕೆಲಸ ಮಾಡುವವರೆಲ್ಲ ಅದನ್ನೇ ಅನ್ನುತ್ತಾರೆ.

ಹಾವೇರಿಯಿಂದ:

ಒಪ್ಪಲಾರೆ. ಬೋಲ್ಟಿಗೆ ‘ಚಿಲಕ’, ಗೇಜಿಗೆ ‘ಅಳತೆಗೋಲು’, ಗೋ ಮತ್ತು ನೋ-ಗೋಗೆ ‘ಹೋಗು’, ‘ಹೋಗದು’. ಒಂದು ಪುಟದಲ್ಲಿ ಇಷ್ಟು ಇಂಗ್ಲಿಷ್ ತುಂಬಿ, ನಡುವೆ ಬುಡದಳತೆ ಒಂದನ್ನೇ ಕನ್ನಡ ಮಾಡಿ ಏನು ಸಾಧಿಸಿದಂತಾಯಿತು? ಕನ್ನಡಕ್ಕೆ ಪದ ಹುಟ್ಟಿಸುವ ಶಕ್ತಿ ಇದೆ. ನಾವು ಬಳಸದೆ ಅದು ಒಣಗುತ್ತಿದೆ.

ಧಾರವಾಡದಿಂದ:

ಬಂದೂಕು ಅರಬ್ಬಿಯಿಂದ ಬಂತು, ಕಾಡತೂಸು ಪೋರ್ಚುಗೀಸರಿಂದ ಬಂತು. ನೀವು ಎರಡನ್ನೂ ಬಿಡಂಗಿಲ್ಲ, ಬೋಲ್ಟಿಗೆ ಮಾತ್ರ ಬೇಲಿ ಹಾಕ್ತೀರಿ. ಹಳೇ ಸಾಲ ಸಾಲ ಅಲ್ಲೇನು? ಚಿಲಕ ಅಂದ್ರ ಬಾಗಲಾ ನೆನಪಾಗ್ತದ, ರೈಫಲ್ ರಿಪೇರಿ ಮಾಡವ ಅದನ್ನ ಓದಿ ಬೋಲ್ಟ್ ಅಂತ ಮನಸಿನಾಗ ತಿರುಗಿಸಿಕೊಬೇಕು. ಇದು ಪರೀಕ್ಷೆ ಮಾಡೋ ಕಾಗದ.

ಹಾವೇರಿಯಿಂದ:

ಕಾಡತೂಸು ಕನ್ನಡದ ಬಾಯಿಗೆ ಒಗ್ಗಿ, ಉಕಾರ ಪಡೆದು ನಮ್ಮದಾಯಿತು. ‘ನೋ-ಗೋ’ ಒಗ್ಗಿಲ್ಲ, ಒಗ್ಗುವ ಲಕ್ಷಣವೂ ಇಲ್ಲ. ಸಾಲ ತೆಗೆದುಕೊಳ್ಳುವುದಕ್ಕೂ ಇಡೀ ವಾಕ್ಯವನ್ನು ಒತ್ತೆ ಇಡುವುದಕ್ಕೂ ಅಂತರವಿದೆ.

ಗದಗದಿಂದ:

ಗೇಜಿನ ಮೈಮೇಲೆ ಏನು ಕೊರೆದಿದೆಯೋ ಅದೇ ಪುಟದಲ್ಲಿರಬೇಕು. ಕೈಯಲ್ಲಿ ನೋ-ಗೋ ಹಿಡಿದವನು ‘ಹೋಗದು’ ಹುಡುಕುತ್ತ ಕೂರಬಾರದು. ಈ ವಿಷಯದಲ್ಲಿ ನನ್ನ ಮಾತು ಇಷ್ಟೇ.

ಹುಬ್ಬಳ್ಳಿಯಿಂದ:

ಎಲ್ಲರಿಗೂ ಕೃತಜ್ಞತೆ. ಶೀರ್ಷಿಕೆ ‘ಬುಡದಳತೆ’, ಕೆಳಗೆ ಸಣ್ಣಕ್ಷರದಲ್ಲಿ ‘ಹೆಡ್‌ಸ್ಪೇಸ್’. ಸಡಿಲಿಗೆ ‘ಸಂದು’. ಬೋಲ್ಟ್, ಗೇಜು, ಗೋ, ನೋ-ಗೋ ಇದ್ದ ಹಾಗೆ. ಉಳಿದದ್ದು ಒಂದು ಸಾಲು: ‘ಗೇಜು ಸಿಗದಿದ್ದರೆ ಕಾಡತೂಸಿನ ಬುಡಕ್ಕೆ ಟೇಪು ಅಂಟಿಸಿ ಪರೀಕ್ಷಿಸಬಹುದು.’ ಇರಲೋ, ತೆಗೆಯಲೋ?

ಗದಗದಿಂದ:

ತೆಗೆಯಿರಿ. ಟೇಪು ಒತ್ತಿದರೆ ಚಪ್ಪಟೆಯಾಗುತ್ತದೆ, ಅಂಚಿನ ದಪ್ಪವೂ ಗೊತ್ತಿರುವುದಿಲ್ಲ, ಮೇಲಾಗಿ ಜೀವಂತ ಕಾಡತೂಸಿನ ಮೇಲೆ ಆ ಕೆಲಸ ಯಾರೂ ಮಾಡಬಾರದು. ಅದರ ಬದಲು ಆ ರೈಫಲ್ಲಿನಲ್ಲಿ ಹಾರಿಸಿದ ಕಾಡತೂಸಿನ ಖಾಲಿ ಕೊಳವೆ ಇದ್ದರೆ ತೋರಿಸಿ ಅಂತ ಕೇಳಲು ಬರೆಯಿರಿ. ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಸುತ್ತಲೂ ಹೊಳೆಯುವ ಗೆರೆ ಇದ್ದರೆ ಹಿತ್ತಾಳೆ ಅಲ್ಲಿ ಎಳೆದು ತೆಳುವಾಗಿದೆ. ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗೆ ಆಡಿಸಿದರೆ ತಗ್ಗು ಕೈಗೆ ಸಿಗುತ್ತದೆ. .303ರ ಚೇಂಬರ್ ಮೊದಲೇ ಸಡಿಲಾದ್ದರಿಂದ ಗೆರೆ ಕಂಡಮಾತ್ರಕ್ಕೆ ತೀರ್ಪು ಬೇಡ, ತೀರ್ಪು ಗೇಜಿನದೇ.

ನಮ್ಮಲ್ಲಿ .303 ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸಿಗೆ ಸಿಗುವುದು .315. ಅದಕ್ಕೆ ಅದರದೇ ಗೇಜು ಬೇಕು ಅಂತಲೂ ಒಂದು ಸಾಲು ಹಾಕಿ.

ಮತ್ತೆ, ಅಚ್ಚಿಗೆ ಕೊಡುವ ಮೊದಲು ನೋ-ಗೋ ಪಕ್ಕ ಅಂಕಿ ಸೇರಿಸಿ. ಅಂಗಡಿಯಲ್ಲಿ ಮಾರುವ .303 ನೋ-ಗೋ 0.067, ಹಳೆ ಮಿಲಿಟರಿ ಮಿತಿ 0.074. ಬರೀ ‘ನೋ-ಗೋ ಮೇಲೆ ಮುಚ್ಚಿತು’ ಅಂದರೆ ಯಾವುದು ಅಂತ ತಿಳಿಯದೆ ಒಳ್ಳೆ ರೈಫಲ್ ಬಿಟ್ಟುಬಂದಾರು.