ಗಂಟಿ ಕೋಲು ಝಣ್ ಅನ್ನವಲ್ದು, ಸೈಡ್ ಡ್ರಮ್ ಮಾತ್ರ ತಾನಾ ಜರ್ ಅಂತದ, ಏನ್ ಮಾಡ್ಬೇಕ್ರಿ?

ಶಾಲಿಬ್ಯಾಂಡ್_ಕಲಬುರಗಿ: ನಮಸ್ಕಾರ್ರಿ. ಸೆಪ್ಟೆಂಬರ್ 17ರ ಪರೇಡಿಗಿ ಹೊಸದೇನರ ಇರ್ಲಿ ಅಂತ ಜಿಂಗ್ಲಿಂಗ್ ಜಾನಿ ಮಾಡಿಸೀವಿ, ಉದ್ದನ್ ಕೋಲು, ತುದಿಗಿ ಅರ್ಧಚಂದ್ರ, ಸುತ್ತ ಗಂಟಿ ಇರ್ತಾವಲ್ರಿ ಅದು. ಕೋಲು ಜಿಐ ಪೈಪು, ಗಂಟಿ ಹಿತ್ತಾಳಿವು, ಕೈಯಾಗ ಹಿಡದು ಅಲ್ಲಾಡ್ಸಿದ್ರ ಛಲೋ ನಾದ, ಕೋಲಿಗಿ ಕಟ್ಟಿದ್ ಮ್ಯಾಲ ಠಕ್ ಠಕ್ ಅಷ್ಟೇ. ಮತ್ತ ಬಾಸ್ ಡ್ರಮ್ ಹೊಡದ್ರ ಬಾಜೂಕಿನ ಸೈಡ್ ಡ್ರಮ್ ಯಾರೂ ಮುಟ್ಟದೆನಾ ಜರ್ ಅಂತದ.

ತಾಶಾ_ಬೀದರ: ಗಂಟಿ ಹೆಂಗ್ ಕಟ್ಟೀರಿ?

ಶಾಲಿಬ್ಯಾಂಡ್_ಕಲಬುರಗಿ: ಬೈಂಡಿಂಗ್ ವೈರ್‌ಲೆ ಬಿಗಿಯಾಗಿ ಸುತ್ತೀವ್ರಿ, ಪರೇಡಿನ್ಯಾಗ ಬೀಳಬಾರ್ದಂತ.

ಹಳೇಡ್ರಮ್: ಬಿದ್ರಿ ಗಂಟಿ ಹಾಕ್ಸ್ರಿ, ನೋಡ್ಲಿಕ್ಕೂ ಛಂದ 😄

ತಾಶಾ_ಬೀದರ: ಬಿದ್ರಿ ಅಂದ್ರ ಜಿಂಕ್ ಜಾಸ್ತಿ ಇರ್ತದ್ರಿ, ಕಂಚಿನಂಥ ನಾದ ಎಲ್ಲಿಂದ ಬರ್ಬೇಕು. ಹಿತ್ತಾಳಿನೇ ಇರ್ಲಿ, ವೈರ್ ಬಿಚ್ಚ್ರಿ ಮೊದ್ಲ. ಗಂಟಿ ಬಾರಸೋದು ಅದರ ಅಂಚು, ಅಂಚು ಪೈಪಿಗಿ ತಾಗಿತಂದ್ರ ನಾದ ಅಲ್ಲೇ ಸತ್ತು ಹೋಗ್ತದ. ನೆತ್ತಿ ಕೊಂಡಿಗಷ್ಟೇ ಸಣ್ಣ ಎಸ್ ಹುಕ್ ಹಾಕಿ ಜೋತು ಬಿಡ್ರಿ, ಬೀಳ್ತದನ್ನೋ ಭಯ ಇದ್ರ ಹುಕ್ಕಿನ ಬಾಯಿ ಪಕ್ಕಡಲೆ ಒತ್ರಿ. ಆಮ್ಯಾಲ ಹುಡುಗ್ರು ಇದನ್ನ ಗಿಲಕಿ ಆಡ್ಸಿದಂಗ ಆಡಸ್ತಾರ, ಹಂಗ ಬ್ಯಾಡ, ಬೀಟಿಗೊಮ್ಮೆ ಮ್ಯಾಲ ಕೆಳಗ ಝಾಡ್ಸಿ ಗಪ್ಪನ ನಿಲ್ಲಿಸ್ಬೇಕು, ಇಲ್ಲಾಂದ್ರ ಒಂದ ಗದ್ದಲ ಕೇಳ್ತದ, ತಾಳ ಕೇಳಂಗಿಲ್ಲ. ಮೂಲ ಇದು ತುರ್ಕಿ ಮೆಹ್ತರ್ ಬ್ಯಾಂಡಿಂದು, ಅಂದ್ರ ಸುಲ್ತಾನನ ಜಾನಿಸರಿ ಅನ್ನೋ ಸಿಪಾಯಿ ಪಡಿ ಜೋಡಿ ಬಾರಸೋ ಬ್ಯಾಂಡು. 1826ರಾಗ ಸುಲ್ತಾನ ಜಾನಿಸರಿ ಪಡಿನೇ ತೆಗದ, ಮೆಹ್ತರ್ ಬ್ಯಾಂಡೂ ಹೋತು, ಆದ್ರ ಅಷ್ಟೊತ್ತಿಗಿ ಬಾಸ್ ಡ್ರಮ್, ಝಾಂಜ್, ಈ ಗಂಟಿ ಕೋಲು ಎಲ್ಲಾ ಯುರೋಪಿನ ಪಲ್ಟನ್ ಬ್ಯಾಂಡಿನ್ಯಾಗ ಸೇರಿ ಹೋಗಿದ್ವು. ಜರ್ಮನಿ ಮಿಲಿಟರಿ ಬ್ಯಾಂಡ್ನವ್ರು ಈಗ್ಲೂ ಹಿಡಕೊಂಡು ನಡೀತಾರ, ಎರಡೂ ಬಾಜೂ ಕುದರಿ ಬಾಲದ ಕೂದ್ಲ ಬ್ಯಾರೆ, ಬಾರಸೋಕಿಂತ ಶೋಕಿನೇ ಜಾಸ್ತಿ ಅನಸ್ತದ ನನಗ.

ಹಳೇಡ್ರಮ್: ಜರ್ ಅನ್ನೋದು ಖರಾಬಾಗಿದ್ದಲ್ರಿ. ಸೈಡ್ ಡ್ರಮ್ಮಿನ ತಳದಾಗ ಸ್ನೇರ್ ತಂತಿ ಅದಾವಲ್ಲ, ಬಾಸ್ ಡ್ರಮ್ಮಿನ ಅದುರಿಗಿ ಅವೂ ಅದುರ್ತಾವ. ಬಾರಸಲ್ದಾಗ ಬಾಜೂಕಿನ ಲೀವರ್ ಇಳಸ್ರಿ, ತಂತಿ ಸಡ್ಲಾಗಿ ತಳದ ತೊಗಲು ಬಿಟ್ಟು ನಿಲ್ತಾವ. ನಡಿವಾಗ ಅದು ಆಗಂಗಿಲ್ಲ, ಅದಕ್ಕ ತಳದ ತೊಗಲು ಸ್ವಲ್ಪ ಬಿಗಿ ಮಾಡಿ ಸುರುತಿ ಬದಲಿ ಮಾಡ್ರಿ, ಎರಡೂ ಡ್ರಮ್ ನಡುವ ಝಾಂಜ್ನವ್ರನ್ನ ನಿಲ್ಲಸ್ರಿ. ತಂತಿನೇ ಅತೀ ಬಿಗಿ ಮಾಡಬ್ಯಾಡ್ರಿ, ಕುತ್ತಿಗಿ ಹಿಚುಕಿದಂಗ ಸಪ್ಪಳ ಬರ್ತದ.

ಶಾಲಿಬ್ಯಾಂಡ್_ಕಲಬುರಗಿ: ಹುಕ್ ಹಾಕಿದ್ವಿ, ಈಗ ಝಣ್ ಅಂತದ್ರಿ! ಲೀವರೂ ಸಿಕ್ತು. ಆದ್ರ ಪೈಪ್ ಭಾಳ ವಜನ್, ಒಂಬತ್ತನೇತ್ತಿ ಹುಡ್ಗ ಅರ್ಧ ಗ್ರೌಂಡಿಗೇ ಸುಸ್ತ.

ತಾಶಾ_ಬೀದರ: ಅಲ್ಯುಮಿನಿಯಂ ಪೈಪಿಗಿ ಬದ್ಲಸ್ರಿ. ಆಗಂಗಿಲ್ಲಂದ್ರ ಝಂಡಾ ಹಿಡಿಯೋರು ಹಾಕೊಳ್ಳೋ ಬೆಲ್ಟ್ ಕೊಡ್ರಿ, ಅದರಾಗ ಕೋಲು ನಿಲ್ಲಿಸಿ ಬೀಟಿಗೊಮ್ಮೆ ಅರ್ಧ ತಿರುವಿದ್ರೂ ಗಂಟಿ ಬಾರಸ್ತಾವ.