ಅಪ್‌ಡೇಟ್: ಫೈಲ್ ದಾಟಿದರೂ ಸುಮ್ಮನಿದ್ದ ಗೇಟ್ ಕೊನೆಗೂ ಕೂಗಿತು

ಹೋದ ವಾರ ಕೇಳಿದ್ದೆನಲ್ಲ, ನಮ್ಮ ರೆಕಾರ್ಡ್ ರೂಮಿನ ಕಾನ್ಫಿಡೆನ್ಷಿಯಲ್ ಫೈಲುಗಳಿಗೆ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೋ ಅಲೆಯಿಂದ ದೂರದಿಂದಲೇ ಓದಬಹುದಾದ ಚಿಪ್ ಇರುವ ಚೀಟಿ) ಅಂಟಿಸಿದರೂ ಬಾಗಿಲು ದಾಟುವಾಗ ಅಲ್ಲಿನ ಗೇಟಿನ ಅಲಾರಂ ಒಮ್ಮೆ ಕೂಗುತ್ತದೆ, ಒಮ್ಮೆ ಇಲ್ಲ ಅಂತ. ಈಗ ಬಹುಮಟ್ಟಿಗೆ ಸರಿಹೋಗಿದೆ.

ಟ್ಯಾಗ್ ಓದುವ ಯಂತ್ರದ, ಅಂದರೆ ರೀಡರ್‌ನ, ಪವರ್ ಜಾಸ್ತಿ ಮಾಡಿ ಅಂದವರ ಮಾತು ಮೊದಲು ಕೇಳಿದೆ. ಕೆಲಸ ಕೆಟ್ಟಿತು. ಬಾಗಿಲ ಪಕ್ಕದ ಮೇಜಿನ ಮೇಲೆ ಸುಮ್ನೆ ಬಿದ್ದಿದ್ದ ಫೈಲಿಗೂ ಕಿರುಚತೊಡಗಿತು, ಮಧ್ಯಾಹ್ನದೊಳಗೆ ಯಾರೋ ಪ್ಲಗ್ಗನ್ನೇ ಕಿತ್ತಿಟ್ಟಿದ್ದರು.

ಮೇಲಿರುವ ಒಂದೇ ಆಂಟೆನಾ ತೆಗೆದು ಬಾಗಿಲ ಎರಡೂ ಕಡೆ ಸೊಂಟದ ಎತ್ತರಕ್ಕೆ ಹಾಕಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ತಪ್ಪು ನನ್ನದೂ ಇತ್ತು. ಎಲ್ಲ ಫೈಲಿಗೂ ಒಂದೇ ಮೂಲೆಯಲ್ಲಿ ಟ್ಯಾಗ್ ಅಂಟಿಸಿದ್ದೆ, ಹತ್ತು ಫೈಲು ಒಟ್ಟಿಗೆ ಎತ್ತಿದರೆ ಟ್ಯಾಗುಗಳು ಒಂದರ ಮೇಲೊಂದು ಕೂತು ಅರ್ಧದಷ್ಟು ಓದುತ್ತಲೇ ಇರಲಿಲ್ಲ. ಬೇರೆ ಬೇರೆ ಜಾಗಕ್ಕೆ ಅಂಟಿಸಿದ ಮೇಲೆ ಹತ್ತಕ್ಕೆ ಹತ್ತೂ ಸಿಕ್ಕವು.

ಆದರೆ ಒಂದು ವಿಷಯ ಯಾರೂ ಹೇಳಿರಲಿಲ್ಲ. ಇವು 865–867 ಮೆಗಾಹರ್ಟ್ಸ್‌ನ ಟ್ಯಾಗುಗಳು, ಮೈಯಲ್ಲಿರುವ ನೀರು ಆ ಅಲೆಯನ್ನು ಹೀರಿಬಿಡುತ್ತದೆ. ಫೈಲನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ನಾನೇ ದಾಟಿ ನೋಡಿದೆ, ಸದ್ದೇ ಇಲ್ಲ! ಸ್ಟೀಲ್ ಡಬ್ಬಿಯಲ್ಲಿ ಮಡಚಿಟ್ಟರೂ ಅಷ್ಟೇ. ಇನ್ನು ಟ್ಯಾಗ್ ಇರುವುದು ರಟ್ಟಿಗೆ, ಒಳಗಿನ ಹಾಳೆ ಬಿಚ್ಚಿಕೊಂಡು ಹೋದರೆ ಗೇಟಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಹಾಗಾಗಿ ಪುಟ ಎಣಿಸಿ ಸಹಿ ಹಾಕಿಸುವ ಹಳೆಯ ರಿಜಿಸ್ಟರ್ ಇನ್ನೂ ಬಿಟ್ಟಿಲ್ಲ.

ಅಂದಹಾಗೆ, ಇನ್ನಷ್ಟು ಟ್ಯಾಗ್ ತನ್ನಿ ಅಂದಾಗ ನಮ್ಮ ಅಟೆಂಡರ್ ತಂದಿದ್ದು ಹಾಳೆ ಕಟ್ಟುವ ದಾರದ ಟ್ಯಾಗ್, ಒಂದು ಕಟ್ಟು ಪೂರ್ತಿ.